ನೇರ ಚುನಾವಣೆ: ಬೀದಿಯ ಬೇಡಿಕೆ, ಸದನದ ಲೆಕ್ಕ

1984ರ ಏಪ್ರಿಲ್ 25ರಂದು, ಸೇನಾ ಆಡಳಿತದಲ್ಲಿದ್ದ ಬ್ರೆಜಿಲ್‌ನ ಸಂಸತ್ತಿನ ಕೆಳಮನೆಯಲ್ಲಿ ಒಂದು ಸಂವಿಧಾನ ತಿದ್ದುಪಡಿ ಮತಕ್ಕೆ ಬಂತು. ರಾಷ್ಟ್ರಾಧ್ಯಕ್ಷರನ್ನು ಜನರೇ ನೇರವಾಗಿ ಆರಿಸಬೇಕು ಎಂಬುದೇ ಅದರ ತಿರುಳು. ಪರವಾಗಿ 298, ವಿರುದ್ಧ 65, ತಟಸ್ಥ 3. ಇಷ್ಟಾದರೂ ತಿದ್ದುಪಡಿ ಬಿದ್ದುಹೋಯಿತು.

ಕಾರಣ ನಿಯಮದಲ್ಲಿತ್ತು. ಬೇಕಿದ್ದದ್ದು ಹಾಜರಿದ್ದವರ ಮೂರನೇ ಎರಡರಷ್ಟಲ್ಲ, ಸದನದ ಒಟ್ಟು ಬಲದ ಮೂರನೇ ಎರಡರಷ್ಟು. ಸದಸ್ಯರು 479, ಹಾಗಾಗಿ ಬೇಕಾದ ಮತ 320. ಕೊರತೆ ಬಿದ್ದದ್ದು 22. ಆ ದಿನ 110ಕ್ಕೂ ಹೆಚ್ಚು ಮಂದಿ ಸದನದ ಕಡೆ ತಲೆಯೇ ಹಾಕಲಿಲ್ಲ. ಇಂಥ ನಿಯಮದಡಿ ಗೈರುಹಾಜರಿಯೂ ವಿರೋಧ ಮತವೇ, ಆದರೆ ‘ಬೇಡ’ ಎಂದವರ ಪಟ್ಟಿಯಲ್ಲಿ ಹೆಸರು ಬರುವುದಿಲ್ಲ. ಜನರ ಸಿಟ್ಟಿಗೆ ಹೆದರುವ, ಸರ್ಕಾರಕ್ಕೂ ಹೆದರುವ ಸದಸ್ಯನಿಗೆ ಇದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ.

ಅದಕ್ಕೂ ಮುಂಚಿನ ನಾಲ್ಕು ತಿಂಗಳು ಬೀದಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಕುರಿಟಿಬಾ, ಸಾವೊ ಪಾಲೊ, ರಿಯೊ ನಗರಗಳಲ್ಲಿ ಭಾರಿ ಸಭೆಗಳಾದವು. ಹಳದಿ ಬಣ್ಣವೇ ಚಳವಳಿಯ ಗುರುತಾಯಿತು. ಆದರೆ ಲೆಕ್ಕ ನೋಡಿ: 1982ರ ಚುನಾವಣೆಯಲ್ಲಿ ಆಡಳಿತ ಪಕ್ಷಕ್ಕೆ 235, ವಿರೋಧ ಪಕ್ಷಗಳಿಗೆ ಒಟ್ಟು 244 ಸ್ಥಾನ ಬಂದಿದ್ದವು. ವಿರೋಧ ಪಕ್ಷದವರೆಲ್ಲ ಒಂದಾದರೂ ಆಳುವವರ ಕಡೆಯಿಂದ 76 ಮಂದಿ ಬರಬೇಕಿತ್ತು. ಬಂದವರು 55. ಕೆಳಮನೆಯಲ್ಲಿ ಗೆದ್ದಿದ್ದರೂ ಆಮೇಲೆ ಸೆನೆಟ್ ಎದುರಿಸಬೇಕಿತ್ತು.

ನೇರ ಚುನಾವಣೆ ಕೇಳುವ ಯಾವುದೇ ಚಳವಳಿ ಮೊದಲು ಓದಬೇಕಾದದ್ದು ಸಂವಿಧಾನದ ತಿದ್ದುಪಡಿ ವಿಧಿಯನ್ನು. ‘ಹಾಜರಿದ್ದು ಮತ ಚಲಾಯಿಸಿದವರ’ ಎಂದಿದೆಯೋ ‘ಒಟ್ಟು ಸದಸ್ಯರ’ ಎಂದಿದೆಯೋ ನೋಡಿ. ಎರಡನೆಯದಾದರೆ ಬೆಂಬಲಿಗರ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ ಬೇಕು: ಯಾರು ಬಹಿರಂಗವಾಗಿ ಮಾತು ಕೊಟ್ಟಿದ್ದಾರೆ, ಯಾರು ಜಾರಿಕೊಳ್ಳುತ್ತಿದ್ದಾರೆ, ಮತದಾನದ ದಿನ ಯಾರು ರಾಜಧಾನಿಯಲ್ಲಿರುತ್ತಾರೆ. ಮಹಾನಗರದ ಚೌಕದಲ್ಲಿ ಐದನೇ ಸಭೆ ಮಾಡುವ ಬದಲು ಜಾರಿಕೊಳ್ಳುವವರ ಕ್ಷೇತ್ರಗಳಲ್ಲಿ ಐದು ಸಣ್ಣ ಸಭೆ ಮಾಡುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೇ ಬಲೆ ಉಮೇದುವಾರಿಕೆಯದು. ಹಾಂಗ್ ಕಾಂಗ್‌ನಲ್ಲಿ 2014ರ ಆಗಸ್ಟ್ 31ರಂದು ಬೀಜಿಂಗ್ ಪ್ರಕಟಿಸಿದ ತೀರ್ಮಾನ ಅಲ್ಲಿನ ಆಡಳಿತ ಮುಖ್ಯಸ್ಥರ ಆಯ್ಕೆಯಲ್ಲಿ ಎಲ್ಲ ಮತದಾರರಿಗೂ ಮತದ ಹಕ್ಕು ಕೊಡಲು ಒಪ್ಪಿತ್ತು. ಆದರೆ ಕಣದಲ್ಲಿ ಇಬ್ಬರು ಅಥವಾ ಮೂವರು ಮಾತ್ರ ಇರಬೇಕು, ಪ್ರತಿಯೊಬ್ಬರಿಗೂ ನಾಮನಿರ್ದೇಶನ ಸಮಿತಿಯ ಅರ್ಧಕ್ಕಿಂತ ಹೆಚ್ಚು ಸದಸ್ಯರ ಬೆಂಬಲ ಇರಬೇಕು ಎಂದಿತು. ಮತಪೆಟ್ಟಿಗೆ ಎಲ್ಲರಿಗೂ ತೆರೆದಿದ್ದರೂ ಮತಪತ್ರ ಬೇರೆಯವರ ಕೈಯಲ್ಲಿ. 79 ದಿನ ಜನ ರಸ್ತೆಯಲ್ಲಿ ಕೂತದ್ದು ಇದಕ್ಕೇ. ಎಷ್ಟು ಮತದಾರರ ಸಹಿ ಇದ್ದರೆ ಅಭ್ಯರ್ಥಿಯಾಗಬಹುದು ಎಂಬ ಸಂಖ್ಯೆಯನ್ನು ಬೇಡಿಕೆ ಪತ್ರದಲ್ಲೇ ಬರೆಯದಿದ್ದರೆ ಆ ಸಂಖ್ಯೆಯನ್ನು ಎದುರಿನವರು ಬರೆಯುತ್ತಾರೆ.

ದಕ್ಷಿಣ ಕೊರಿಯಾದ್ದು ಗೆದ್ದ ಚಳವಳಿ. ಹಾಗಾಗಿಯೇ ಅದನ್ನು ಹೆಚ್ಚು ಎಚ್ಚರದಿಂದ ಓದಬೇಕು. 1972ರಿಂದ ಅಲ್ಲಿ ಅಧ್ಯಕ್ಷರ ಆಯ್ಕೆ ಪರೋಕ್ಷ. ಪ್ರತಿನಿಧಿಗಳು ಒಳಾಂಗಣ ಕ್ರೀಡಾಂಗಣದಲ್ಲಿ ಸೇರಿ ಆರಿಸುತ್ತಿದ್ದರು, ಜನ ಅದನ್ನು ‘ಜಿಮ್ನೇಷಿಯಂ ಚುನಾವಣೆ’ ಎಂದೇ ಕರೆದರು. 1987ರ ಏಪ್ರಿಲ್ 13ರಂದು ಅಧ್ಯಕ್ಷ ಚುನ್ ಡೂ ಹ್ವಾನ್ ಇದ್ದ ಸಂವಿಧಾನವೇ ಮುಂದುವರಿಯುತ್ತದೆ ಎಂದರು. ಜೂನ್ 10ರ ಸಂಜೆ 6 ಗಂಟೆಗೆ, ಧ್ವಜ ಇಳಿಸುವ ಹೊತ್ತಿಗೆ, ವಾಹನಗಳೆಲ್ಲ ಹಾರ್ನ್ ಹೊಡೆಯಲಿ ಎಂದು ಸಂಘಟಕರು ಕರೆ ಕೊಟ್ಟರು. ಇದು ಬಲು ಜಾಣ ಯೋಚನೆ. ಅಶ್ರುವಾಯುವಿನ ನಡುವೆ ಚೌಕಕ್ಕೆ ಬರಲು ಎಲ್ಲರಿಗೂ ಆಗುವುದಿಲ್ಲ, ಆದರೆ ಟ್ಯಾಕ್ಸಿ ಓಡಿಸುವವನು ಕೂತಲ್ಲಿಂದಲೇ ಹಾರ್ನ್ ಒತ್ತಬಹುದು. ಯಾರು ಒತ್ತಿದರು ಎಂದು ಪೊಲೀಸರು ಹುಡುಕುವುದೂ ಕಷ್ಟ.

ಜೂನ್ 29ರಂದು ಆಳುವ ಪಕ್ಷದ ಅಭ್ಯರ್ಥಿ ರೋ ಟೇ ವೂ ನೇರ ಚುನಾವಣೆಗೆ ಒಪ್ಪಿದರು. ತೊಡಕು ಶುರುವಾದದ್ದು ಅಲ್ಲಿಂದ. ಹೊಸ ಸಂವಿಧಾನದ ವಿವರಗಳನ್ನು ಮಾತಾಡಿ ಮುಗಿಸಿದ್ದು ಎರಡು ಪಕ್ಷಗಳ ತಲಾ ನಾಲ್ವರು. ಬೀದಿಯಲ್ಲಿ ನಿಂತಿದ್ದ ಸಂಘಟನೆಗಳಿಗೆ ಆ ಮೇಜಿನಲ್ಲಿ ಜಾಗವಿರಲಿಲ್ಲ. ಅಕ್ಟೋಬರ್ 27ರ ಜನಮತಗಣನೆಯಲ್ಲಿ 93% ಮಂದಿ ಒಪ್ಪಿದ ಆ ಸಂವಿಧಾನದಲ್ಲಿ ಎರಡನೇ ಸುತ್ತಿನ ಮತದಾನ ಇರಲಿಲ್ಲ. ಹೆಚ್ಚು ಮತ ಬಂದವರು ಗೆದ್ದರು, ಅರ್ಧ ದಾಟಬೇಕೆಂದಿಲ್ಲ.

ಡಿಸೆಂಬರ್ 16ರಂದು ಕಿಮ್ ಯಂಗ್ ಸಾಮ್‌ಗೆ 28%, ಕಿಮ್ ಡೇ ಜಂಗ್‌ಗೆ 27% ಮತ ಬಿದ್ದವು. ಇಬ್ಬರೂ ಸರ್ವಾಧಿಕಾರದ ವಿರುದ್ಧ ಹೋರಾಡಿದವರು, ಒಬ್ಬರಿಗೊಬ್ಬರು ಜಾಗ ಬಿಡಲಿಲ್ಲ. 36.6% ಪಡೆದ ರೋ ಅಧ್ಯಕ್ಷರಾದರು. ಇಬ್ಬರು ನಾಯಕರ ಹಟವನ್ನು ದೂರುವುದು ಸುಲಭ, ನ್ಯಾಯವೂ ಹೌದು. ಆದರೆ ಮನುಷ್ಯರು ಹಟ ಮಾಡುತ್ತಾರೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿದು ನಿಯಮ ಬರೆಯಬೇಕು. ಎರಡನೇ ಸುತ್ತಿನ ಒಂದು ಸಾಲು ಇದ್ದಿದ್ದರೆ ಇಬ್ಬರೂ ನಿಲ್ಲಬಹುದಿತ್ತು, ಮುಂದಿದ್ದವರು ರೋ ಎದುರು ಇನ್ನೊಮ್ಮೆ ಜನರ ಮುಂದೆ ಹೋಗಬಹುದಿತ್ತು.

22 ಮತಗಳಿಂದ ಸೋತಿದ್ದ ಬ್ರೆಜಿಲ್ ಆ ಸಾಲನ್ನು 1988ರ ಸಂವಿಧಾನದಲ್ಲಿ ಬರೆದುಕೊಂಡಿತು. 1989ರ ನವೆಂಬರ್ 15ರಂದು ಜನ ನೇರವಾಗಿ ಮತ ಹಾಕಿದಾಗ ಮೊದಲ ಸ್ಥಾನದಲ್ಲಿದ್ದ ಫರ್ನಾಂಡೊ ಕೊಲೊರ್‌ಗೆ ಸಿಕ್ಕಿದ್ದು ಸುಮಾರು 30%. ಅಷ್ಟರಲ್ಲೇ ಅವರು ಅಧ್ಯಕ್ಷರಾಗಲಿಲ್ಲ. ಡಿಸೆಂಬರ್ 17ರಂದು ಎರಡನೇ ಸ್ಥಾನದಲ್ಲಿದ್ದ ಲುಲಾ ಎದುರು ಮತ್ತೆ ನಿಂತು, 53% ಪಡೆದ ಮೇಲೆಯೇ ಗೆದ್ದರು.