ಮೂಲಿಕೆಯೂ ನೆನಪಿನ ಶಕ್ತಿಯೂ

‘ನೆನಪಿನ ಶಕ್ತಿಯನ್ನು ಹೆಚ್ಚಿಸುತ್ತದೆ’ ಎಂಬ ಮಾತನ್ನು ಮೂಲಿಕೆಗಳ ಬಗ್ಗೆ ಹೇಳುವುದು ಎಷ್ಟು ಸುಲಭವೋ ಅದನ್ನು ಪರೀಕ್ಷಿಸುವುದು ಅಷ್ಟೇ ಕಷ್ಟ. ಗಮನವಿಟ್ಟು ಗ್ರಹಿಸುವುದು, ಗ್ರಹಿಸಿದ್ದನ್ನು ಮಿದುಳಿನಲ್ಲಿ ಉಳಿಸಿಕೊಳ್ಳುವುದು, ಬೇಕೆಂದಾಗ ಅದನ್ನು ಹೊರತೆಗೆಯುವುದು ಬೇರೆ ಬೇರೆ ಕೆಲಸಗಳು. ಸಸ್ಯವೊಂದು ಇವುಗಳಲ್ಲಿ ಒಂದಕ್ಕೆ ಮಾತ್ರ ನೆರವಾಗಬಹುದು, ಇನ್ನೊಂದನ್ನು ಕುಂಠಿತಗೊಳಿಸಲೂಬಹುದು. 2003ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ 144 ಮಂದಿಯನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ರೋಸ್‌ಮೇರಿ ಎಣ್ಣೆಯ ಪರಿಮಳ, ಲ್ಯಾವೆಂಡರ್ ಪರಿಮಳ ಹಾಗೂ ಯಾವ ವಾಸನೆಯೂ ಇಲ್ಲದ ಕೋಣೆಗಳಲ್ಲಿ ಪರೀಕ್ಷೆಗೆ ಒಡ್ಡಲಾಯಿತು. ರೋಸ್‌ಮೇರಿ ಗುಂಪಿನವರ ನೆನಪಿನ ಗುಣಮಟ್ಟ ಉತ್ತಮವಾಗಿತ್ತು, ಆದರೆ ನೆನಪಿಸಿಕೊಳ್ಳುವ ವೇಗ ಕುಗ್ಗಿತ್ತು. ಜಾಹೀರಾತುಗಳು ಈ ಫಲಿತಾಂಶದ ಮೊದಲರ್ಧವನ್ನಷ್ಟೇ ಹೇಳುತ್ತವೆ.

ಈ ದೃಷ್ಟಿಯಿಂದ ಹೆಚ್ಚು ಕುತೂಹಲಕರವಾದುದು ನೀರುಬ್ರಾಹ್ಮಿ. ಒಂದೆಲಗವನ್ನೂ ಬ್ರಾಹ್ಮಿ ಎಂದೇ ಕರೆಯುವ ರೂಢಿಯಿರುವುದರಿಂದ ಮೊದಲೇ ಸ್ಪಷ್ಟಪಡಿಸಬೇಕು: ಇವೆರಡೂ ಬೇರೆ ಕುಟುಂಬಗಳ ಸಸ್ಯಗಳು, ಸಂಶೋಧಕರು ಬಹುಮಟ್ಟಿಗೆ ಗಮನ ಹರಿಸಿರುವ ರಾಸಾಯನಿಕಗಳಾದ ಬಕೋಸೈಡ್‌ಗಳು ಇರುವುದು ನೀರುಬ್ರಾಹ್ಮಿಯಲ್ಲಿ. ಆಸ್ಟ್ರೇಲಿಯಾದಲ್ಲಿ 40ರಿಂದ 65 ವರ್ಷದೊಳಗಿನ 76 ಮಂದಿಯ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮೂರು ತಿಂಗಳ ಪ್ರಯೋಗದಲ್ಲಿ, ಇದರ ಸಾರವನ್ನು ಸೇವಿಸಿದವರು ಹೊಸ ವಿಷಯವನ್ನು ಇತರರಿಗಿಂತ ಬೇಗ ಕಲಿಯಲಿಲ್ಲ. ಕಲಿತದ್ದನ್ನು ಮರೆಯುವುದು ಮಾತ್ರ ನಿಧಾನವಾಯಿತು. ಒಂದೇ ಬಗೆಯ ಪರೀಕ್ಷೆಯನ್ನು ಎರಡನೆಯ ಬಾರಿ ಬರೆಯುವವರು ಅಭ್ಯಾಸಬಲದಿಂದಲೇ ಹೆಚ್ಚು ಅಂಕ ಗಳಿಸುತ್ತಾರಾದ್ದರಿಂದ, ಔಷಧಾಂಶವಿಲ್ಲದ ಹುಸಿಗುಳಿಗೆಯನ್ನು ಪಡೆದ ಗುಂಪಿನೊಡನೆ ಹೋಲಿಸದೆ ಇಂಥ ಸೂಕ್ಷ್ಮ ವ್ಯತ್ಯಾಸ ಗೋಚರಿಸುವುದೇ ಇಲ್ಲ. ಅಲ್ಲದೆ ಪರಿಣಾಮಕ್ಕೆ ವಾರಗಟ್ಟಲೆ ಸೇವನೆ ಬೇಕು. ಪರೀಕ್ಷೆಯ ಹಿಂದಿನ ದಿನ ನುಂಗಿದರೆ ಸಿಗುವುದು ಹೆಚ್ಚೆಂದರೆ ಹೊಟ್ಟೆಯ ತೊಳಸು. ಓಕರಿಕೆ, ಪದೇಪದೇ ಮಲವಿಸರ್ಜನೆ ಇದರ ಪರಿಚಿತ ಅಡ್ಡಪರಿಣಾಮಗಳು.

ಇಂಥ ಸಣ್ಣ ಪ್ರಯೋಗಗಳ ಭರವಸೆ ದೊಡ್ಡ ಪ್ರಯೋಗದಲ್ಲಿ ಉಳಿಯುತ್ತದೆಂಬ ಖಾತರಿಯಿಲ್ಲ ಎಂಬುದಕ್ಕೆ ಗಿಂಕ್ಗೊ ಸಾಕ್ಷಿ. ಅಮೆರಿಕದಲ್ಲಿ 75 ವರ್ಷ ದಾಟಿದ 3,069 ಮಂದಿಗೆ ಈ ಮರದ ಎಲೆಗಳ ಸಾರವನ್ನು ದಿನಕ್ಕೆ 240 ಮಿಲಿಗ್ರಾಂನಂತೆ ಅಥವಾ ಹುಸಿಗುಳಿಗೆಯನ್ನು ಕೊಟ್ಟು, ಸುಮಾರು 6 ವರ್ಷ ಅವರನ್ನು ಗಮನಿಸಿದ ಅಧ್ಯಯನದ ಫಲಿತಾಂಶ 2008ರಲ್ಲಿ ಹೊರಬಂದಿತು. ಡಿಮೆನ್ಷಿಯಾಕ್ಕೆ, ಅಂದರೆ ದಿನನಿತ್ಯದ ಬದುಕಿಗೇ ಅಡ್ಡಿಯಾಗುವಷ್ಟು ತೀವ್ರವಾದ ಮರೆಗುಳಿತನಕ್ಕೆ, ಒಳಗಾದವರು ಗಿಂಕ್ಗೊ ಗುಂಪಿನಲ್ಲಿ 277, ಹುಸಿಗುಳಿಗೆಯ ಗುಂಪಿನಲ್ಲಿ 246. ತಡೆಗಟ್ಟುವ ಮಾತಿಗೆ ಇಲ್ಲಿ ಆಸ್ಪದವೇ ಇಲ್ಲ.

ಹಾಗೆಂದು ಸಸ್ಯಗಳಲ್ಲಿ ಹುಡುಕುವುದೇ ವ್ಯರ್ಥವೆನ್ನಲಾಗದು. ಆಲ್ಝೈಮರ್ಸ್ ರೋಗದಲ್ಲಿ ನೆನಪಿಗೆ ಅಗತ್ಯವಾದ ಅಸಿಟೈಲ್‌ಕೋಲಿನ್ ಎಂಬ, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ ಕಡಿಮೆಯಾಗುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ತಡೆದರೆ, ಉಳಿದಿರುವಷ್ಟು ಅಸಿಟೈಲ್‌ಕೋಲಿನ್ ನರಕೋಶಗಳ ನಡುವೆ ಹೆಚ್ಚು ಹೊತ್ತು ನಿಲ್ಲುತ್ತದೆ. ಈ ಕೆಲಸ ಮಾಡುವ ಗ್ಯಾಲಂಟಮೈನ್ ದೊರೆತದ್ದು ಸ್ನೋಡ್ರಾಪ್ ಎಂಬ ಪುಟ್ಟ ಬಿಳಿ ಹೂವಿನ ಗಿಡದ ಗೆಡ್ಡೆಯಿಂದ. ಅಮೆರಿಕದಲ್ಲಿ 2001ರಲ್ಲಿ ಅನುಮತಿ ಪಡೆದ ಇದನ್ನು ವೈದ್ಯರು ಇಂದಿಗೂ ಬರೆದುಕೊಡುತ್ತಾರೆ. ಅದು ರೋಗಲಕ್ಷಣಗಳನ್ನು ಸ್ವಲ್ಪಮಟ್ಟಿಗೆ ಹತೋಟಿಯಲ್ಲಿಡುತ್ತದೆಯೇ ಹೊರತು ರೋಗವನ್ನು ನಿಲ್ಲಿಸುವುದಿಲ್ಲ. ಗೆಡ್ಡೆಯನ್ನು ಹಾಗೆಯೇ ತಿನ್ನುವಂತಿಲ್ಲ, ಅದು ವಿಷ. ಮಿಲಿಗ್ರಾಂ ಲೆಕ್ಕದಲ್ಲಿ ಅಳೆದ ಪ್ರಮಾಣವೇ ಅದನ್ನು ಔಷಧವಾಗಿಸಿದೆ.

ಆರೋಗ್ಯವಂತರಲ್ಲಿ ಚುರುಕುತನದ ಮಟ್ಟಿಗೆ ಅತ್ಯಂತ ಗಟ್ಟಿ ಪುರಾವೆ ಇರುವ ಸಸ್ಯಜನ್ಯ ವಸ್ತುವನ್ನು ಯಾರೂ ಮೂಲಿಕೆಯೆಂದು ಪರಿಗಣಿಸುವುದಿಲ್ಲ: ಅದು ಚಹಾ, ಕಾಫಿಗಳ ಕೆಫೀನ್. ದಣಿವಿನ ಸುದ್ದಿ ಹೊತ್ತು ಬರುವ ಅಡಿನೊಸಿನ್ ಮಿದುಳಿನಲ್ಲಿ ಕೂರಬೇಕಾದ ಜಾಗವನ್ನು ಇದು ಆಕ್ರಮಿಸಿ ಎಚ್ಚರವನ್ನು ಕಾಯುತ್ತದೆ. ಆದರೆ ಸಂಜೆ ಕುಡಿದದ್ದು ರಾತ್ರಿಯ ನಿದ್ರೆಯನ್ನು ಕೆಡಿಸಿದರೆ, ದಿನವಿಡೀ ಕಲಿತದ್ದು ನೆಲೆಯೂರಬೇಕಾದ ಹೊತ್ತನ್ನೇ ಕಿತ್ತುಕೊಂಡಂತಾಗುತ್ತದೆ.

ಮೂಲಿಕೆ ನಿಜಕ್ಕೂ ದೇಹದ ಮೇಲೆ ಪರಿಣಾಮ ಬೀರುವುದಾದರೆ ಅದು ಬೇರೆ ಔಷಧಗಳೊಡನೆ ಘರ್ಷಿಸಲೂಬಹುದು. ವಾರ್ಫರಿನ್‌ನಂತಹ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಗಳೊಡನೆ ಗಿಂಕ್ಗೊ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅಶ್ವಗಂಧವನ್ನು ಸೇವಿಸಿದ ಕೆಲವರಲ್ಲಿ, ಅಪರೂಪವಾಗಿಯಾದರೂ, ಯಕೃತ್ತಿಗೆ ಹಾನಿಯಾದದ್ದು ವರದಿಯಾಗಿದೆ. ಹಾಗಾಗಿ ಮರೆವು ಹೆಚ್ಚಿದವರು ಮೊದಲು ಮಾಡಿಸಬೇಕಾದದ್ದು ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ, ವೈದ್ಯರಿಗೆ ತಿಳಿಸಬೇಕಾದದ್ದು ತಾವು ಈಗಾಗಲೇ ನುಂಗುತ್ತಿರುವ ಎಲ್ಲ ಮಾತ್ರೆ, ಚೂರ್ಣಗಳ ಹೆಸರು. ಈ ಕೊರತೆಗಳಿಂದ ಬಂದ ಮರೆವು ಸಕಾಲಿಕ ಚಿಕಿತ್ಸೆಯಿಂದ ಬಹುಪಾಲು ಸುಧಾರಿಸಬಲ್ಲದು.