ದಂಡ ಎಷ್ಟು ಎಂಬುದಕ್ಕಿಂತ ಯಾರಿಗೆ, ಎಲ್ಲಿ ಎಂಬುದು ಮುಖ್ಯ

ಜನ ನಿಯಮ ಮುರಿದಾಗಲೆಲ್ಲ ಮೊದಲು ಕೇಳಿಬರುವ ಒತ್ತಾಯ ‘ದಂಡ ಹೆಚ್ಚಿಸಿ’ ಎಂಬುದೇ. ಸ್ವಲ್ಪ ಲೆಕ್ಕ ಹಾಕೋಣ. ಸಾವಿರ ಸಲ ತಪ್ಪು ಮಾಡಿದರೆ ಒಮ್ಮೆ ಸಿಕ್ಕಿಬೀಳುವ ಕಡೆ, ಇಡೀ ತಿಂಗಳ ಸಂಬಳವನ್ನೇ ದಂಡ ಹಾಕಿದರೂ ಪ್ರತಿ ತಪ್ಪಿನ ಪಾಲಿಗೆ ಬರುವುದು (ತಿಂಗಳಿಗೆ 200 ಗಂಟೆ ದುಡಿಯುವವರಿಗೆ) ಹನ್ನೆರಡು ನಿಮಿಷದ ಗಳಿಕೆ ಮಾತ್ರ. ಶಿಕ್ಷೆಯ ಕಠೋರತೆಗಿಂತ ಅದರ ಖಚಿತತೆಯೇ ಜನರನ್ನು ತಡೆಯುತ್ತದೆ ಎಂದು ಇಟಲಿಯ ಕಾನೂನು ಚಿಂತಕ ಚೆಸಾರೆ ಬೆಕ್ಕಾರಿಯಾ 1764ರಲ್ಲೇ ವಾದಿಸಿದ್ದ. ದಂಡ ವಿಪರೀತವಾದರೆ ಇನ್ನೊಂದು ತೊಡಕೂ ಇದೆ: ವಿಧಿಸಬೇಕಾದವರೇ ಹಿಂಜರಿಯುತ್ತಾರೆ, ಲಂಚಕ್ಕೆ ದಾರಿಯಾಗುತ್ತದೆ.

ಸಣ್ಣ ದಂಡವೂ ತಿರುಗುಬಾಣವಾಗಬಹುದು. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಅರ್ಥಶಾಸ್ತ್ರಜ್ಞರಿಬ್ಬರು 20 ವಾರ ನಡೆಸಿದ ಪ್ರಯೋಗದ ಫಲಿತಾಂಶ 2000ದಲ್ಲಿ ಪ್ರಕಟವಾಯಿತು. ಮೊದಲ ನಾಲ್ಕು ವಾರ, ಮಕ್ಕಳನ್ನು ಕರೆದೊಯ್ಯಲು ಎಷ್ಟು ಪೋಷಕರು ತಡವಾಗಿ ಬರುತ್ತಾರೆಂದು ಎಣಿಸಿದರಷ್ಟೇ. ಐದನೇ ವಾರದಿಂದ ಆರು ಕಡೆ ಹತ್ತು ನಿಮಿಷಕ್ಕಿಂತ ಹೆಚ್ಚು ತಡವಾದರೆ 10 ಶೆಕೆಲ್ ದಂಡ. ತಡವಾಗಿ ಬರುವವರು ಕ್ರಮೇಣ ಸುಮಾರು ಇಮ್ಮಡಿಯಾದರು! ಅದುವರೆಗೆ ಶಿಕ್ಷಕಿಯನ್ನು ಕಾಯಿಸುವ ಮುಜುಗರ ಪೋಷಕರನ್ನು ಓಡಿಸಿಕೊಂಡು ಬರುತ್ತಿತ್ತು. ಈಗ ತಡವೆಂಬುದು ದುಡ್ಡು ಕೊಟ್ಟು ಪಡೆಯುವ ಸೇವೆಯಾಯಿತು. 17ನೇ ವಾರ ದಂಡ ರದ್ದಾದರೂ ಹಳೆಯ ಮುಜುಗರ ಮರಳಲಿಲ್ಲ. ನೀತಿ ರೂಪಿಸುವವರು ಹೆಚ್ಚು ಹೆದರಬೇಕಾದದ್ದು ಇದಕ್ಕೇ.

ಹಾಗಾದರೆ ದುಡ್ಡಿನ ಒತ್ತಡ ಎಲ್ಲಿ ಕೆಲಸ ಮಾಡುತ್ತದೆ? ಬ್ರಿಟನ್ನಿನ ಸಕ್ಕರೆ ಪಾನೀಯ ತೆರಿಗೆ ನೋಡಿ. 2016ರ ಮಾರ್ಚಿನಲ್ಲಿ ಘೋಷಣೆ, 2018ರ ಏಪ್ರಿಲ್‌ನಲ್ಲಿ ಜಾರಿ. ಜಾರಿಯಾದಾಗ 100 ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ತೆರಿಗೆಯಿರಲಿಲ್ಲ. 5ರಿಂದ 8 ಗ್ರಾಂ ಒಳಗಿದ್ದರೆ ಲೀಟರಿಗೆ 18 ಪೆನ್ಸ್, 8 ಗ್ರಾಂ ಮುಟ್ಟಿದರೆ 24 ಇತ್ತು. ಕಟ್ಟಬೇಕಾದವರು ತಯಾರಕರು ಮತ್ತು ಆಮದುದಾರರು. 330 ಮಿ.ಲೀ. ಕ್ಯಾನಿನ ಮೇಲೆ ಇದು ಆಗ ಹೆಚ್ಚೆಂದರೆ 8 ಪೆನ್ಸ್ ಆಗುತ್ತಿತ್ತು. ಕೊಳ್ಳುವವರು ಗಮನಿಸದೇ ಇರಬಹುದು. ಲಕ್ಷಾಂತರ ಕ್ಯಾನ್ ಮಾರುವ ಕಂಪನಿ ಹಾಗೆ ಬಿಡುವಂತಿಲ್ಲ. ಸಿಕ್ಕ ಎರಡು ವರ್ಷದಲ್ಲಿ ಅನೇಕರು ಪಾನೀಯದ ಮಿಶ್ರಣವನ್ನೇ ಬದಲಿಸಿ, ಸಕ್ಕರೆಯನ್ನು 5 ಗ್ರಾಂ ಗೆರೆಯ ಕೆಳಗೆ ತಂದರು. ವರ್ಷಕ್ಕೆ 52 ಕೋಟಿ ಪೌಂಡ್ ಎಂದಿದ್ದ ಆದಾಯದ ಅಂದಾಜನ್ನು ಜಾರಿಗೆ ಮುನ್ನವೇ 24 ಕೋಟಿಗೆ ಇಳಿಸಬೇಕಾಯಿತು. ಕುಡಿಯುವವರು ಅಭ್ಯಾಸ ಬದಲಿಸದೆಯೇ ಅವರ ಲೋಟದ ಸಕ್ಕರೆ ಕಡಿಮೆಯಾಗಿದ್ದು ನಿಜಕ್ಕೂ ದೊಡ್ಡ ಸಾಧನೆ.

ಆದರೆ ಗೆರೆ ಎಳೆದಲ್ಲೇ ಬದಲಾವಣೆಯೂ ನಿಲ್ಲುತ್ತದೆ. 5 ಗ್ರಾಂಗಿಂತ ತುಸು ಕೆಳಗಿಳಿದವರಿಗೆ ಮುಂದೆ ಇಳಿಯುವ ಒತ್ತಡವಿರಲಿಲ್ಲ. ಮುಕ್ಕಾಲು ಪಾಲು ಹಾಲಿರುವ ಪಾನೀಯಗಳನ್ನು ತೆರಿಗೆಯಿಂದ ಹೊರಗಿಟ್ಟಿದ್ದರಿಂದ, ಅವುಗಳಿಗೆ ಬೆರೆಸುವ ಸಕ್ಕರೆ ತಗ್ಗಿಸುವ ಒತ್ತಡವೂ ಈ ತೆರಿಗೆಯಿಂದ ಹುಟ್ಟಲಿಲ್ಲ.