ಐನೂರು ರೂಪಾಯಿ ದಂಡ ಕಟ್ಟುವ ಮುನ್ನ

ಕಳೆದ ಬೇಸಿಗೆಯಲ್ಲಿ ಅಳವಂಡಿ ಕಡೆಯ ಹುಡುಗನೊಬ್ಬ ಕೊಪ್ಪಳದ ನನ್ನ ವಕೀಲಿ ಕಚೇರಿಗೆ ಬಂದಿದ್ದ. ಸರ್ಕಾರಿ ಹುದ್ದೆಗೆ ಆಯ್ಕೆಯಾಗಿ, ಪೂರ್ವಾಪರ ಪರಿಶೀಲನೆಯ ನಮೂನೆ ಕೈಸೇರಿತ್ತು. ಎಲ್ಲ ಕಾಲಂಗಳನ್ನೂ ದುಂಡಗಿನ ಅಕ್ಷರದಲ್ಲಿ ತುಂಬಿದ್ದ. ‘ನಿಮ್ಮ ಮೇಲೆ ಎಂದಾದರೂ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತೇ?’ ಎಂಬುದು ಮಾತ್ರ ಖಾಲಿ.

ಪದವಿಯ ಎರಡನೇ ವರ್ಷದಲ್ಲಿ, ಊರಿಗೆ ಬೆಳಗಿನ ಬಸ್ ಬೇಕೆಂದು ಗೆಳೆಯರ ಜೊತೆ ರಸ್ತೆಯಲ್ಲಿ ಕುಳಿತಿದ್ದನಂತೆ. ಬಸ್ ಬಂತು, ಹಿಂದೆಯೇ ಸಮನ್ಸ್ ಬಂತು.

‘ಅದು ಮುಗಿದುಹೋಗಿದೆ ಸರ್. ತಪ್ಪೊಪ್ಪಿಕೊಂಡು ತಲಾ ಐನೂರು ರೂಪಾಯಿ ದಂಡ ಕಟ್ಟಿದೆವು. ಇಲ್ಲ ಎಂದು ಬರೆಯಲೇ?’

‘ಬೇಡ ತಮ್ಮಾ, ಪೆನ್ನು ಕೆಳಗಿಡು’ ಎಂದೆ.

ದಂಡ ಕಟ್ಟಿದರೆ ಪ್ರಕರಣ ಮುಗಿಯುತ್ತದೆ, ನಿಜ. ಆದರೆ ಮುಗಿಯುವುದು ಅಪರಾಧ ಸಾಬೀತಾಯಿತು ಎಂಬ ತೀರ್ಪಿನೊಂದಿಗೆ. ಮೊತ್ತ ಐನೂರಾದರೂ ಐವತ್ತಾದರೂ ಕಾಗದದ ಮೇಲೆ ಅದು ಶಿಕ್ಷೆಯೇ. ಪದೇ ಪದೇ ಅಲೆಯುವುದು ತಪ್ಪಲಿ ಎಂದು ಹುಡುಗರಿಗೆ ಈ ಸಲಹೆ ಕೊಡುವವರಲ್ಲಿ ನಮ್ಮ ವೃತ್ತಿಯವರೂ ಇದ್ದಾರೆ ಎಂಬುದು ನನಗೆ ನಾಚಿಕೆಯ ಸಂಗತಿ. ಒಪ್ಪಿಕೊಳ್ಳಲೇಬೇಕಾದ ಸ್ಥಿತಿ ಬಂದರೆ, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯಡಿ ಎಚ್ಚರಿಕೆ ನೀಡಿ ಬಿಡುಗಡೆ ಮಾಡುವಂತೆ ನ್ಯಾಯಾಲಯವನ್ನು ಕೇಳಬೇಕು. ಹಾಗೆ ಬಿಡುಗಡೆಯಾದವರಿಗೆ, ಶಿಕ್ಷೆಯ ಜೊತೆ ಬರುವ ಅನರ್ಹತೆ ತಟ್ಟುವುದಿಲ್ಲ ಎಂದು ಅದರ 12ನೇ ಕಲಂ ಹೇಳುತ್ತದೆ.

ಅದಕ್ಕೂ ಮೊದಲು ಎಫ್‌ಐಆರ್ ಓದಿಸಿಕೊಳ್ಳಿ. ನಾಲ್ಕಾರು ಹೆಸರು, ಕೊನೆಯಲ್ಲಿ ‘ಮತ್ತು ಇತರರು’. ತನ್ನ ಹೆಸರಿಲ್ಲವೆಂದು ನಿಶ್ಚಿಂತನಾದವನು, ವಿಡಿಯೊ ನೋಡಿ ಗುರುತಿಸಿದ ಮೇಲೆ ದೋಷಾರೋಪ ಪಟ್ಟಿಯಲ್ಲಿ ಕಾಣಿಸಿಕೊಳ್ಳಬಹುದು. ರಸ್ತೆ ತಡೆಗೆ ಸಾಮಾನ್ಯವಾಗಿ ಹಾಕುವುದು ಅಕ್ರಮ ಕೂಟ, ಅಕ್ರಮ ತಡೆ, ಸರ್ಕಾರಿ ಅಧಿಕಾರಿಯ ಆದೇಶದ ಉಲ್ಲಂಘನೆ. ಈ ಮೂರನೆಯದು ಹಿಂದೆ ಭಾರತೀಯ ದಂಡ ಸಂಹಿತೆಯ (ಐಪಿಸಿ) 188ನೇ ಕಲಂ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 223. ಸಂಬಂಧಪಟ್ಟ ಅಧಿಕಾರಿಯೇ ಲಿಖಿತ ದೂರು ಸಲ್ಲಿಸದೆ ನ್ಯಾಯಾಲಯ ಈ ಆರೋಪವನ್ನು ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲ. ಇಂಥ ಲೋಪ ಸಿಕ್ಕರೆ ಹೈಕೋರ್ಟಿನಲ್ಲಿ ರದ್ದತಿ ಕೋರಬಹುದು. ಕೊಪ್ಪಳ, ಬಳ್ಳಾರಿಯವರು ಧಾರವಾಡ ಪೀಠಕ್ಕೆ, ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಖರ್ಚು ಇದೆ, ಹತ್ತು ಹುಡುಗರು ಸೇರಿ ಹಂಚಿಕೊಂಡರೆ ಹಗುರ.

ಹೋರಾಟಗಾರರ ಮೇಲಿನ ಪ್ರಕರಣಗಳನ್ನು ಹಿಂಪಡೆಯಲು ಸರ್ಕಾರ ತೀರ್ಮಾನಿಸಿತು ಎಂಬ ಸುದ್ದಿ ಓದಿ ಸಿಹಿ ಹಂಚಿದವರನ್ನೂ ಕಂಡಿದ್ದೇನೆ. ಸಂಪುಟದ ತೀರ್ಮಾನದಿಂದ ಪ್ರಕರಣ ತಾನಾಗಿ ಬಿದ್ದುಹೋಗುವುದಿಲ್ಲ. ಸರ್ಕಾರಿ ಅಭಿಯೋಜಕರು ಅರ್ಜಿ ಹಾಕಬೇಕು, ನ್ಯಾಯಾಧೀಶರು ಒಪ್ಪಬೇಕು.

ರೈಲು ತಡೆಯ ಲೆಕ್ಕ ಬೇರೆ. ರೈಲ್ವೆ ಕಾಯ್ದೆಯ 174ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಸೆರೆಯಾಗಬಹುದು. ಹಳಿಯ ಮೇಲೆ ಕುಳಿತ ಫೋಟೊವನ್ನು ಸ್ಟೇಟಸ್‌ಗೆ ಹಾಕುವವರು ತಮ್ಮ ವಿರುದ್ಧದ ಸಾಕ್ಷ್ಯವನ್ನು ತಾವೇ ಒದಗಿಸುತ್ತಾರೆ.

ಇನ್ನು ಆ ಖಾಲಿ ಕಾಲಂ. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಲೇಬೇಕು ಎಂದಿತು. ಎಳೆವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ನೇಮಕಾತಿ ಪ್ರಾಧಿಕಾರ ವಿವೇಚನೆ ಬಳಸಿ ಮನ್ನಿಸಬಹುದು ಎಂದೂ ಅದೇ ತೀರ್ಪಿನಲ್ಲಿದೆ. ಆದರೆ ಆ ವಿವೇಚನೆ ಅವರದು, ನಮ್ಮದಲ್ಲ. ಹೇಳಿಕೊಂಡವನ ಪರ ವಾದಿಸುವುದು ನನಗೆ ಸುಲಭ. ಮುಚ್ಚಿಟ್ಟು ಸಿಕ್ಕಿಬಿದ್ದವನು ಮೊದಲು ಸುಳ್ಳಿಗೆ ಉತ್ತರ ಕೊಡಬೇಕಾಗುತ್ತದೆ, ಬಸ್ಸಿನ ಮಾತು ಆಮೇಲೆ.

ಹೈದರಾಬಾದ್ ನಿಜಾಮನ ಕಾಲದಲ್ಲಿ ಇದೇ ಸೀಮೆಯ ತರುಣರು ಅವನ ಆಳ್ವಿಕೆಯಿಂದ ವಿಮೋಚನೆಗಾಗಿ ಗಡಿ ದಾಟಿ, ಅಳವಂಡಿ ಶಿವಮೂರ್ತಿಸ್ವಾಮಿಯವರ ಮುಂದಾಳತ್ವದ ಮುಂಡರಗಿ ಹೋರಾಟ ಶಿಬಿರ ಸೇರಿದ್ದರು. ಅಂಥವರಿಗೆ ಮುಂದೆ ಸರ್ಕಾರವೇ ಪಿಂಚಣಿ ಕೊಟ್ಟಿತು. ಮೊಮ್ಮಕ್ಕಳ ವಯಸ್ಸಿನವರು ಬಸ್ಸಿಗಾಗಿ ಕುಳಿತರೆ ನೌಕರಿಗೆ ಕುತ್ತು. ರಸ್ತೆಯಲ್ಲಿ ಕೂರಬೇಡಿ ಎಂದು ನಾನು ಹೇಳುವುದಿಲ್ಲ. ಶಾಂತಿಯುತವಾಗಿ ಸೇರುವ ಹಕ್ಕನ್ನು ಸಂವಿಧಾನದ 19ನೇ ವಿಧಿಯೇ ಕೊಟ್ಟಿದೆ. ಹಿಂದಿನ ದಿನ ಠಾಣೆಗೂ ತಹಶೀಲ್ದಾರರಿಗೂ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ, ಆಂಬುಲೆನ್ಸಿಗೆ ದಾರಿ ಬಿಡಿ, ಸಮನ್ಸ್ ಬಂದ ದಿನ ತಪ್ಪದೆ ಹಾಜರಾಗಿ.

ಹುಡುಗ ‘ಹೌದು’ ಎಂದು ಬರೆದು ತೀರ್ಪಿನ ದೃಢೀಕೃತ ನಕಲನ್ನು ಲಗತ್ತಿಸಿದ. ಉತ್ತರ ಇನ್ನೂ ಬಂದಿಲ್ಲ. ಅಂದು ಅವನ ಪಕ್ಕದಲ್ಲಿ ಕುಳಿತಿದ್ದ ಗೆಳೆಯ ಬೆಂಗಳೂರಿನಲ್ಲಿದ್ದಾನಂತೆ. ನ್ಯಾಯಾಲಯಕ್ಕೆ ಒಮ್ಮೆಯೂ ಬಂದಿಲ್ಲ, ಅವನ ಹೆಸರಿನ ವಾರಂಟ್ ಹಾಗೆಯೇ ಇದೆ. ಫೋನ್ ಮಾಡಿಸು ಎಂದು ಹೇಳಿ ಕಳುಹಿಸಿದ್ದೇನೆ.